ಮೂರೇ ಟೆನರ್ ಇರುವ ಕ್ವಾಯರ್‌ಗೆ ಹಾಡು ಆರಿಸುವುದು, ಕಲಿಸುವುದು

ಮೈಸೂರಿನ ನಮ್ಮ ದೇವಾಲಯದ, ಅಂದರೆ ಚರ್ಚಿನ, ಕ್ವಾಯರ್‌ನಲ್ಲಿ (ಹಾಡುವ ತಂಡದಲ್ಲಿ) ಈಗ 26 ಜನ ಇದ್ದೇವೆ. ಹೆಂಗಸರ ಎತ್ತರದ ದನಿ ಸೊಪ್ರಾನೊ 10, ತಗ್ಗಿನ ದನಿ ಆಲ್ಟೊ 8; ಗಂಡಸರ ತಗ್ಗಿನ ದನಿ ಬೇಸ್ 5, ಎತ್ತರದ ದನಿ ಟೆನರ್ 3. ಆ ಮೂವರಲ್ಲಿ ಒಬ್ಬರಿಗೆ ತಿಂಗಳಲ್ಲಿ ಎರಡು ವಾರ ನೈಟ್ ಶಿಫ್ಟ್. ಹೊಸ ಹಾಡಿನ ಹಾಳೆ ತೆರೆಯುವ ಮುಂಚೆ ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಕೀಬೋರ್ಡ್ ಪಕ್ಕ ಇಟ್ಟುಕೊಳ್ಳುತ್ತೇನೆ. ಕ್ವಾಯರ್ ನೋಡಿಕೊಳ್ಳಲು ಶುರು ಮಾಡಿ 22 ವರ್ಷ ಆಯಿತು. ಇವತ್ತಿಗೂ ಮೊದಲ ಕೆಲಸ ಇದೇ.

ಈ ಅಭ್ಯಾಸ ಬಂದದ್ದು ಒಂದು ತಪ್ಪಿನಿಂದ. ಮೊದಲ ಕೆಲವು ವರ್ಷಗಳಲ್ಲಿ ಒಂದು ದೊಡ್ಡ ಕ್ವಾಯರ್‌ನ ಕ್ರಿಸ್‌ಮಸ್ ರೆಕಾರ್ಡಿಂಗ್ ಕೇಳಿ ಮನಸೋತುಬಿಟ್ಟೆ. ಹಾಳೆ ಸರಿಯಾಗಿ ನೋಡದೆ 25 ಪ್ರತಿ ತರಿಸಿದೆ. ಆ ವರ್ಷದ ಕ್ವಾಯರ್ ದುಡ್ಡೆಲ್ಲಾ ಅದಕ್ಕೇ ಹೋಯಿತು. ಮೂರನೇ ಪುಟಕ್ಕೆ ಬಂದರೆ ಪ್ರತಿ ಪಾರ್ಟ್ (ಒಂದು ಗುಂಪು ಹಾಡುವ ಸಾಲು) ಎರಡೆರಡಾಗಿ ಒಡೆದು ಎಂಟು ಸಾಲು ಆಗಿತ್ತು. ಆಗಲೂ ಟೆನರ್ ಮೂವರೇ. ಐದು ವಾರ ಒದ್ದಾಡಿದೆವು. ಕೊನೆಗೆ ಟೆನರ್ ಅಂಕಲ್ ಒಬ್ಬರು ಪ್ರಾಕ್ಟೀಸ್ ಮುಗಿದ ಮೇಲೆ ನಿಂತು ಹೇಳಿದರು: "ಟೀಚರ್, ಮೇಲಿನ ಸಾಲಿಗೆ ನಾನೊಬ್ಬನೇ. ನನಗೆ ಕೆಮ್ಮು ಬಂದ್ರೆ ಆ ಸಾಲೇ ಇಲ್ಲ." ಅವತ್ತೇ ಆ ಹಾಡು ಕೈಬಿಟ್ಟೆ. ಹಾಳೆಗಳು ಇನ್ನೂ ಬೀರುವಿನಲ್ಲಿವೆ.

ಹಾಗಾಗಿ ಹೊಸದಾಗಿ ಕ್ವಾಯರ್ ನೋಡಿಕೊಳ್ಳುವವರು ಯಾರೇ ಕೇಳಲಿ, ನಾನು ಹೇಳುವುದು ಒಂದೇ. ನಿಮ್ಮ ಎದುರು ಕೂತಿರುವ ಜನರಿಗೆ ತಕ್ಕ ಹಾಡು ಹುಡುಕಿ. ಹಾಡು ಸಿಕ್ಕಿದ ಮೇಲೆ ಜನರನ್ನು ಎಳೆದು ಅದಕ್ಕೆ ಹೊಂದಿಸೋಕೆ ಹೋಗಬೇಡಿ.

ಹಾಳೆಯಲ್ಲಿ ಏನು ನೋಡಬೇಕು

ಮುಖಪುಟದಲ್ಲೇ ಬರೆದಿರುತ್ತದೆ: ಎಸ್‌ಎಟಿಬಿ ಅಂದರೆ ನಾಲ್ಕು ಪಾರ್ಟ್. ಎಸ್‌ಎಬಿ ಅಂದರೆ ಗಂಡಸರೆಲ್ಲಾ ಒಂದೇ ಸಾಲು. ಗಂಡಸರು ಕಡಿಮೆ ಇರುವ ಕ್ವಾಯರ್‌ಗೆ ಎಸ್‌ಎಬಿ ದೊಡ್ಡ ವರ. ಅದನ್ನು ಕೀಳಾಗಿ ನೋಡುವವರಿದ್ದಾರೆ. ಮೂರು ಪಾರ್ಟ್ ತುಂಬು ದನಿಯಲ್ಲಿ ಕೇಳಿದರೆ ಎಷ್ಟು ಚೆಂದ ಅಂತ ಅವರಿಗೆ ಗೊತ್ತಿಲ್ಲ. "ಡಿವಿಸಿ" ಅನ್ನುವ ಪದ ಕಂಡರೆ ಆ ಪಾರ್ಟ್ ಅಲ್ಲಿ ಒಡೆಯುತ್ತದೆ ಅಂತ ಅರ್ಥ. ಮೊದಲ ಪುಟ ಮಾತ್ರ ನೋಡಿ ನಂಬಬೇಡಿ. ಕೊನೆಯ ಪುಟದವರೆಗೂ ತಿರುವಿ ಹಾಕಿ.

ಆಮೇಲೆ ಎತ್ತರ, ತಗ್ಗು. ತರಬೇತಿ ಇಲ್ಲದ ದನಿಗಳಿಗೆ ನಾನು ಇಟ್ಟುಕೊಂಡ ಗಡಿ ಹೀಗಿದೆ. (ನಡುವಿನ ಸಿ ಅಂದರೆ ಕೀಬೋರ್ಡಿನ ನಡುವೆ ಇರುವ ಸಿ ಸ್ವರ.) ಸೊಪ್ರಾನೊ ನಡುವಿನ ಸಿ ಇಂದ ಒಂದೂವರೆ ಸ್ಥಾಯಿ ಮೇಲಿನ ಜಿ ತನಕ. ಆಲ್ಟೊ ನಡುವಿನ ಸಿ ಕೆಳಗಿನ ಜಿ ಇಂದ ಮೇಲಿನ ಡಿ ತನಕ. ಟೆನರ್ ಕೆಳಗಿನ ಸಿ ಇಂದ ನಡುವಿನ ಸಿ ಮೇಲಿರುವ ಎಫ್ ತನಕ, ಜಿ ಬಂದರೆ ಒಂದೆರಡು ಸಲ ಮಾತ್ರ. ಬೇಸ್ ತೀರಾ ಕೆಳಗಿನ ಎಫ್ ಇಂದ ನಡುವಿನ ಸಿ ತನಕ.

ಆದರೆ ತುದಿಯ ಸ್ವರ ನೋಡಿದರಷ್ಟೇ ಸಾಲದು. ಹಾಡು ಜಾಸ್ತಿ ಹೊತ್ತು ಎಲ್ಲಿ ನಿಲ್ಲುತ್ತದೆ ಅನ್ನುವುದು ಮುಖ್ಯ. ಒಮ್ಮೆ ಜಿ ಮುಟ್ಟಿ ಕೆಳಗೆ ಬಂದರೆ ಯಾರಿಗೂ ತೊಂದರೆ ಇಲ್ಲ. ಇಡೀ ಪುಟ ಡಿ, ಈ, ಎಫ್ ಅಂತ ಮೇಲೇ ಸುತ್ತುತ್ತಿದ್ದರೆ ಎರಡನೇ ಸಾಲಿಗೇ ಗಂಟಲು ಬಿಗಿಯುತ್ತದೆ. ನಾನು ಪೆನ್ಸಿಲ್ ಹಿಡಿದು ಸೊಪ್ರಾನೊ ಸಾಲಿನಲ್ಲಿ ಮೇಲಿನ ಡಿ ಮತ್ತು ಅದಕ್ಕಿಂತ ಮೇಲಿರುವ ಸ್ವರಗಳಿಗೆಲ್ಲ ಚುಕ್ಕೆ ಇಡುತ್ತೇನೆ. ಚುಕ್ಕೆಗಳು ಇರುವೆ ಸಾಲಿನ ಹಾಗೆ ಕಂಡರೆ ಹಾಳೆ ಮುಚ್ಚುತ್ತೇನೆ.

ನಮ್ಮ ಊರಿನ ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಹೆಚ್ಚಿನವರು ಕಲಿತದ್ದು ಕರ್ನಾಟಕ ಸಂಗೀತ, ಇಲ್ಲವೇ ಸಿನಿಮಾ ಹಾಡು. ಎದೆಯ ದನಿ ತುಂಬಾ ಚೆನ್ನಾಗಿರುತ್ತದೆ. ಮೇಲಿನ ತೆಳು ದನಿ ಬಳಸಿಯೇ ಇರುವುದಿಲ್ಲ. ಮೇಲಿನ ಸಿ ದಾಟಿದರೆ ಕೂಗು ಶುರು. ಹೊಸಬರು ಬಂದಾಗ "ನಾನು ಆಲ್ಟೊ" ಅಂತಲೇ ಎಲ್ಲರೂ ಹೇಳುವುದು ಇದಕ್ಕೇ. ಹ್ಯಾಂಡೆಲ್ 1741ರಲ್ಲಿ ಬರೆದ 'ಹಾಲೆಲೂಯ ಕೋರಸ್' ಹಾಡೋಣ ಅಂತ ನಮ್ಮಲ್ಲಿ ಪ್ರತಿ ಕ್ರಿಸ್‌ಮಸ್‌ಗೂ ಯಾರಾದರೂ ಕೇಳುತ್ತಾರೆ. ಅದರಲ್ಲಿ ಸೊಪ್ರಾನೊ ಒಂದೊಂದು ಸ್ವರವನ್ನೂ ಉದ್ದಕ್ಕೆ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಮೇಲಿನ ಜಿ ತನಕ ಹೋಗುವ ಜಾಗ ಇದೆ. ಮೇಲಿನ ದನಿಯನ್ನು ಒಂದು ವರ್ಷ ಮೆಲ್ಲಗೆ ಪಳಗಿಸಿದ ಮೇಲಷ್ಟೇ ನಾವು ಅದಕ್ಕೆ ಕೈ ಹಾಕಿದ್ದು.

ಅದೇ ಮೊಜಾರ್ಟ್ 1791ರಲ್ಲಿ ಬರೆದ 'ಆವೆ ವೇರುಮ್ ಕಾರ್ಪುಸ್' ನೋಡಿ. ಬರೀ 46 ಬಾರ್ (ತಾಳದ ಒಂದೊಂದು ಸುತ್ತು). ಸೊಪ್ರಾನೊ ಕಿರುಚಬೇಕಾದ ಜಾಗವೇ ಇಲ್ಲ. ಟೆನರ್ ಮೂವರೇ ಇದ್ದರೂ ಸಾಗುತ್ತದೆ, ಯಾಕಂದರೆ ಎಲ್ಲರೂ ಮೆಲ್ಲಗೆ ಹಾಡಬೇಕು ಅಂತ ಅವನೇ ಮೇಲೆ ಬರೆದಿಟ್ಟಿದ್ದಾನೆ. ಕೊನೆಯಲ್ಲಿ ಹೆಂಗಸರು ಮೊದಲು ಶುರು ಮಾಡುತ್ತಾರೆ, ಗಂಡಸರು ಅದನ್ನೇ ಹಿಂಬಾಲಿಸುತ್ತಾರೆ. ಮೂರು ಜನಕ್ಕೂ ಅಲ್ಲಿ ಒಂದು ಮರ್ಯಾದೆ ಸಿಗುತ್ತದೆ. ಹಾಗಂತ ಇದು ಸುಲಭದ ಹಾಡಲ್ಲ. ಉಸಿರು ಬೇಕು, ಅರ್ಧ ಸ್ವರಗಳು ತುಂಬಾ ಇವೆ. ಆದರೆ ಇಲ್ಲಿರುವ ಕಷ್ಟ ಕಲಿತರೆ ಬರುವಂಥದ್ದು. ಗಂಟಲಿನಲ್ಲೇ ಇಲ್ಲದ ಸ್ವರವನ್ನು ಕಲಿಸೋಕಾಗಲ್ಲ, ಅಲ್ವಾ?

ಇಷ್ಟು ಆದ ಮೇಲೆ ಮನೆಯಲ್ಲಿ ಕೂತು ನಾಲ್ಕೂ ಪಾರ್ಟ್ ನಾನೇ ಹಾಡುತ್ತೇನೆ. ಬೇಸ್ ಸಾಲನ್ನು ಒಂದು ಸ್ಥಾಯಿ ಮೇಲೆ. ಕೀಬೋರ್ಡ್ ಸಹಾಯ ಇಲ್ಲದೆ. ನಾನು ಎಡವಿದ ಕಡೆ ಒಂದು ನಕ್ಷತ್ರ ಹಾಕುತ್ತೇನೆ. ನಾನು ಎಡವಿದ ಜಾಗದಲ್ಲಿ ಅವರೂ ಎಡವುತ್ತಾರೆ. ಒಂದು ಪಾರ್ಟ್ ಸುಮ್ಮನಿದ್ದು ಮತ್ತೆ ಶುರು ಮಾಡುವಾಗ ಆ ಮೊದಲ ಸ್ವರ ಎಲ್ಲಿಂದ ಸಿಗುತ್ತದೆ ಅಂತಲೂ ಹುಡುಕುತ್ತೇನೆ. ಹಿಂದಿನ ಬಾರ್‌ನಲ್ಲಿ ಸೊಪ್ರಾನೊ ಅದೇ ಸ್ವರ ಹಾಡಿದ್ದರೆ ಒಂದು ಗೆರೆ ಎಳೆದು ಜೋಡಿಸುತ್ತೇನೆ. "ಇವರಿಂದ ತಗೊಳ್ಳಿ" ಅಂತ ಆಮೇಲೆ ಹೇಳೋಕೆ ಸುಲಭ. ಮೂರು ಪುಟಕ್ಕೆ ಹತ್ತಕ್ಕಿಂತ ಜಾಸ್ತಿ ನಕ್ಷತ್ರ ಬಿದ್ದರೆ ಆ ಹಾಡು ಈ ವರ್ಷಕ್ಕಲ್ಲ.

ಹಾಳೆ ಎಲ್ಲಿಂದ ತರುವುದು ಅನ್ನುವುದು ಮುಂದಿನ ಮಾತು. ಹಳೆಯ ಸಂಯೋಜಕರದ್ದಾದರೆ ಸಿಪಿಡಿಎಲ್ ಅನ್ನುವ ತಾಣ 1998ರಿಂದ ಇದೆ, ಬರೀ ಕ್ವಾಯರ್ ಸಂಗೀತಕ್ಕೆ. ಐಎಂಎಸ್‌ಎಲ್‌ಪಿ 2006ರಿಂದ ಇದೆ. ಎರಡರಲ್ಲೂ ದುಡ್ಡು ಕೊಡದೆ ಇಳಿಸಿಕೊಳ್ಳಬಹುದು. ಸಿಪಿಡಿಎಲ್‌ನ ಹಾಳೆಗಳನ್ನು ಅಭಿಮಾನಿಗಳೇ ಕೂತು ಟೈಪ್ ಮಾಡಿರುತ್ತಾರೆ, ತಪ್ಪು ಇರುತ್ತದೆ. ಒಂದೇ ಹಾಡಿನ ಎರಡು ಪ್ರತಿ ಇಳಿಸಿ ಬಾರ್‌ಗೆ ಬಾರ್ ಹೋಲಿಸಿ. ಹೊಸ ಹಾಡಾದರೆ ದುಡ್ಡು ಕೊಟ್ಟು, ಎಷ್ಟು ಜನ ಇದ್ದೀರೋ ಅಷ್ಟು ಪ್ರತಿ ಕೊಳ್ಳಿ. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಹಳೆಯ ರಾಗಕ್ಕೆ ಹೊಸದಾಗಿ ಪಾರ್ಟ್ ಬರೆದವರಿಗೂ ಅವರ ಕೆಲಸದ ಮೇಲೆ ಹಕ್ಕು ಇದೆ. ಆರಾಧನೆಯಲ್ಲಿ ಹಾಡೋಕೆ ಕಾನೂನು ರಿಯಾಯಿತಿ ಕೊಟ್ಟಿದೆ. ಆದರೆ ಹಾಡುವುದು ಬೇರೆ, ಒಂದು ಪ್ರತಿ ಕೊಂಡು 26 ಜೆರಾಕ್ಸ್ ಮಾಡುವುದು ಬೇರೆ. ಬರೆದವರ ಅನ್ನ ಅದು.

ಕನ್ನಡದ ಮಾತು ಕೂರಿಸುವುದು

ನಮ್ಮ ಕ್ವಾಯರ್ ಹಾಡುವುದು ಬಹುಪಾಲು ಕನ್ನಡದಲ್ಲಿ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದಾಗಿನಿಂದ ಜರ್ಮನ್, ಇಂಗ್ಲಿಷ್ ರಾಗಗಳಿಗೆ ಕನ್ನಡದ ಮಾತು ಕೂರಿಸುವ ಕೆಲಸ ನಡೆದಿದೆ. ಎಷ್ಟೋ ಹಾಡುಗಳು ಚೆನ್ನಾಗಿ ಕೂತಿವೆ. ಕೆಲವು ಕೂತಿಲ್ಲ. ಯಾಕೆ ಕೂತಿಲ್ಲ ಅಂತ ನನಗೆ ಬಹಳ ವರ್ಷ ಗೊತ್ತಾಗಿರಲಿಲ್ಲ.

ಒಮ್ಮೆ ಒಂದು ಇಂಗ್ಲಿಷ್ ಹಾಡಿಗೆ ನಾನೇ ಕನ್ನಡದ ಮಾತು ಬರೆದೆ. ಒಂದು ಸಾಲು "ನಿನ್ನ ಬಲವೆಮಗಿರಲಿ" ಅಂತ. ರಾಗದಲ್ಲಿ ಮೂರನೇ ಅಕ್ಷರಕ್ಕೆ ಎರಡೂವರೆ ಎಣಿಕೆಯ ಉದ್ದ ಸ್ವರ ಇತ್ತು. ನಾವು ನಿಷ್ಠೆಯಿಂದ ಅಷ್ಟೂ ಎಳೆದು ಹಾಡಿದೆವು. ಮುಂದಿನ ಬೆಂಚಿನಲ್ಲಿ ಕೂತಿದ್ದ ಸಂಡೇ ಸ್ಕೂಲ್ ಮಕ್ಕಳು ಬಾಯಿ ಮುಚ್ಚಿಕೊಂಡು ನಗೋಕೆ ಶುರು ಮಾಡಿದರು. ಅವರ ಕಿವಿಗೆ ಬಿದ್ದದ್ದು "ನಿನ್ನ ಬಾಲ". ಪ್ರಾರ್ಥನೆಯ ಸಾಲು ಅದು. ನನಗೆ ತುಂಬಾ ಸಂಕಟ ಆಯಿತು.

ಇಂಗ್ಲಿಷ್‌ನಲ್ಲಿ ಯಾವ ಅಕ್ಷರವನ್ನು ಎಷ್ಟು ಎಳೆದರೂ ಪದ ಬದಲಾಗುವುದಿಲ್ಲ. ಕನ್ನಡದಲ್ಲಿ ಹಾಗಲ್ಲ. 'ದಿನ' ಎಳೆದರೆ 'ದೀನ'. 'ಮನ' ಎಳೆದರೆ 'ಮಾನ'. ಹ್ರಸ್ವಕ್ಕೂ ದೀರ್ಘಕ್ಕೂ ಅರ್ಥವೇ ಬೇರೆ. ಪಾಶ್ಚಾತ್ಯ ಸ್ತೋತ್ರದ ಪುಸ್ತಕಗಳಲ್ಲಿ ರಾಗದ ಮೇಲೆ 8.8.8.8 ಅಂತಲೋ 8.6.8.6 ಅಂತಲೋ ಬರೆದಿರುತ್ತಾರೆ. ಅದು ಸಾಲಿಗೆ ಎಷ್ಟು ಅಕ್ಷರ ಅನ್ನುವ ಲೆಕ್ಕ. ನಾವು ಅಷ್ಟೇ ಅಕ್ಷರ ಬರೆದು ಸರಿಹೋಯಿತು ಅಂದುಕೊಳ್ಳುತ್ತೇವೆ. ನಮ್ಮ ಭಾಷೆಗೆ ಅಕ್ಷರದ ಲೆಕ್ಕ ಸಾಲದು, ಮಾತ್ರೆಯ ಲೆಕ್ಕ ಬೇಕು.

ನಾನು ಈಗ ಮಾಡುವ ಕೆಲಸ ಹೈಸ್ಕೂಲಿನಲ್ಲಿ ನಾವೆಲ್ಲಾ ಮಾಡಿದ್ದೇ. ಪ್ರಸ್ತಾರ ಹಾಕುವುದು. ಹಾಡಿನ ಸಾಲು ಬರೆದು, ಪ್ರತಿ ಅಕ್ಷರದ ಮೇಲೆ ಲಘುವೋ ಗುರುವೋ ಗುರುತು ಹಾಕುತ್ತೇನೆ. ಅದರ ಕೆಳಗೆ ರಾಗದ ಸ್ವರಗಳ ಉದ್ದ ಬರೆಯುತ್ತೇನೆ. ಉದ್ದ ಸ್ವರದ ಮೇಲೆ ಗುರು ಇದ್ದರೆ ಮುಂದಕ್ಕೆ. ಲಘು ಇದ್ದರೆ ಪದ ಬದಲಾಯಿಸುತ್ತೇನೆ. ಆ ಸಾಲನ್ನು ಕೊನೆಗೆ "ನಿನ್ನ ಕಾವಲೆಮಗಿರಲಿ" ಅಂತ ಮಾಡಿದೆ. ಅಕ್ಷರ ಅಷ್ಟೇ ಇದೆ, ಉದ್ದ ಸ್ವರಕ್ಕೆ 'ಕಾ' ಬಂತು. ಎಷ್ಟು ಬೇಕಾದರೂ ಎಳೆಯಬಹುದು.

ಒತ್ತಕ್ಷರದಿಂದ ಗುರು ಆಗಿರುವ ಕಡೆ ಇನ್ನೊಂದು ಎಚ್ಚರಿಕೆ ಬೇಕು. 'ಕರ್ತ' ಪದದ ಮೊದಲ ಅಕ್ಷರ ಗುರುವೇ. ಆದರೆ ಅದರ 'ಅ' ಹ್ರಸ್ವ. ಸುಮ್ನೆ ಎಳೆದರೆ 'ಕಾರ್ತ' ಆಗುತ್ತದೆ. ಅಲ್ಲಿ 'ಅ' ಬಾಯಿ ಸಣ್ಣದಾಗಿ ಇಟ್ಟು, ರ್ ಅನ್ನು ಸ್ವಲ್ಪ ಬೇಗ ತಂದು ಮುಟ್ಟಿಸಬೇಕು. 'ಎಲ್ಲ', 'ಅಮ್ಮ', 'ನನ್ನ' ಇವೆಲ್ಲ ಸಲೀಸು. ಲ್, ಮ್, ನ್ ಮೇಲೆ ದನಿ ನಿಲ್ಲಿಸಬಹುದು. ಆದರೆ 'ಅಪ್ಪ', 'ಸತ್ಯ' ಇಂಥವು ಉದ್ದ ಸ್ವರಕ್ಕೆ ಬಂದರೆ ಆ ಜಾಗಕ್ಕೆ ಬೇರೆ ಪದ ಹುಡುಕುವುದೇ ಒಳ್ಳೆಯದು.

ಇನ್ನೊಂದು ತೊಡಕು ಸಾಲಿನ ಶುರುವಿನಲ್ಲಿ ಇರುತ್ತದೆ. ತುಂಬಾ ಇಂಗ್ಲಿಷ್ ರಾಗಗಳು ಬಾರ್‌ಗೆ ಮುಂಚೆ ಒಂದು ಬಡಪಾಯಿ ಸ್ವರದಿಂದ ಶುರುವಾಗುತ್ತವೆ. ಅವರ ಭಾಷೆಯಲ್ಲಿ ಅಲ್ಲಿ ಒಂದು ಪುಟ್ಟ ಪದ ಬರುತ್ತದೆ. ಕನ್ನಡದಲ್ಲಿ ನಾವು ಮೊದಲ ಅಕ್ಷರಕ್ಕೇ ಒತ್ತು ಕೊಟ್ಟು ಮಾತಾಡುವವರು. 'ದೇವರೇ' ಅಂತ ಶುರು ಮಾಡಿದರೆ 'ದೇ' ಆ ಬಡಪಾಯಿ ಸ್ವರಕ್ಕೆ ಹೋಗಿ, ಒತ್ತು 'ವ' ಮೇಲೆ ಬೀಳುತ್ತದೆ. ಕೇಳೋಕೆ ಬೇರೆ ಯಾರೋ ಕನ್ನಡ ಮಾತಾಡಿದ ಹಾಗಿರುತ್ತದೆ. ಅಲ್ಲಿ 'ಓ' ಅಂತಲೋ 'ಈ' ಅಂತಲೋ ಒಂದು ಅಕ್ಷರ ಸೇರಿಸಿ. ಇಲ್ಲವೇ ಆ ಸ್ವರವನ್ನು ಎರಡಾಗಿ ಒಡೆದು 'ನಿನ', 'ಇಹ' ಥರದ ಎರಡು ಲಘು ಕೂರಿಸಿ. ರಾಗಕ್ಕೆ ಏನೂ ಆಗುವುದಿಲ್ಲ.

ಹಾಳೆಯಲ್ಲಿ ಸ್ವರದ ಕೆಳಗೆ ಕನ್ನಡ ಲಿಪಿಯಲ್ಲೇ ಮಾತು ಹಾಕಿಸಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಹ್ರಸ್ವ, ದೀರ್ಘ ಎಲ್ಲಾ ಮಾಯ. ಮ್ಯೂಸ್‌ಸ್ಕೋರ್ ಅನ್ನುವ ತಂತ್ರಾಂಶ ಉಚಿತ. ನಾನು ಅದರಲ್ಲೇ ಯುನಿಕೋಡ್ ಕನ್ನಡದಲ್ಲಿ ಟೈಪ್ ಮಾಡುತ್ತೇನೆ. ನುಡಿ ತಂತ್ರಾಂಶದ ಹಳೆಯ ಫೈಲ್ ಇದ್ದರೆ ಮೊದಲು ಯುನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಅಕ್ಷರದ ಅಳತೆ ದೊಡ್ಡದಿರಲಿ. ಅರವತ್ತು ದಾಟಿದವರು ನಮ್ಮಲ್ಲಿ ಒಂಬತ್ತು ಜನ ಇದ್ದಾರೆ. ಒತ್ತಕ್ಷರ ಕಾಣದಿದ್ದರೆ ಅವರು ಊಹಿಸಿ ಹಾಡುತ್ತಾರೆ.

ಬ್ಯಾಂಡಿನವರು ಸೇರಿದಾಗ

ಕ್ರಿಸ್‌ಮಸ್ ಹಿಂದಿನ ರಾತ್ರಿ ನಮ್ಮ ಜೊತೆ ಐದು ಜನ ಊದುವವರು ಸೇರುತ್ತಾರೆ. ಎರಡು ಟ್ರಂಪೆಟ್, ಒಂದು ಕ್ಲಾರಿನೆಟ್, ಒಂದು ಟ್ರಾಂಬೋನ್, ಒಂದು ಯುಫೋನಿಯಂ. ಮೈಸೂರಿನಲ್ಲಿ ಇದು ಒಂದು ಭಾಗ್ಯ. ಅರಮನೆಯ ಬ್ಯಾಂಡ್ ಇದ್ದ ಊರು ಇದು. ಇಂದಿಗೂ ಪೊಲೀಸ್ ಬ್ಯಾಂಡಿನಲ್ಲಿ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಬ್ಯಾಂಡ್ ಎರಡೂ ಇವೆ, ದಸರೆಗೆ ಅರಮನೆ ಮುಂದೆ ನುಡಿಸುತ್ತಾರೆ. ಕದ್ರಿ ಗೋಪಾಲನಾಥ್ ಅವರು ಹುಡುಗನಾಗಿದ್ದಾಗ ಸ್ಯಾಕ್ಸೊಫೋನ್‌ಗೆ ಮನಸೋತದ್ದೂ ಇಲ್ಲಿನ ಅರಮನೆ ಬ್ಯಾಂಡ್ ಕೇಳಿಯೇ. ನಮ್ಮ ಕ್ಲಾರಿನೆಟ್ ಮೇಷ್ಟ್ರು ಬ್ಯಾಂಡಿನಲ್ಲಿ ಸರ್ವಿಸ್ ಮುಗಿಸಿ ಬಂದವರು.

ಮೊದಲ ವರ್ಷ ಅವರಿಗೆ ಡಿ ಮೇಜರ್‌ನಲ್ಲಿದ್ದ (ಡಿ ಸ್ವರವನ್ನೇ ಸ ಮಾಡಿಕೊಂಡ) ಸ್ತೋತ್ರ ಕೊಟ್ಟೆ. ಹಾಳೆ ನೋಡಿ ಹೇಳಿದರು: "ಏನಮ್ಮಾ ಟೀಚರ್, ನಮಗೆ ಇದು ನಾಲ್ಕು ಶಾರ್ಪ್ ಆಗುತ್ತಲ್ಲ. ಬೆರಳು ಹೋಗುತ್ತೆ, ಶ್ರುತಿ ನಿಲ್ಲಲ್ಲ." ಅವರು ಹೇಳಿದ್ದು ಸರಿ. ಶಾರ್ಪ್ ಅಂದರೆ ಅರ್ಧ ಸ್ವರ ಏರಿಸುವ ಗುರುತು, ಫ್ಲ್ಯಾಟ್ ಅಂದರೆ ಇಳಿಸುವ ಗುರುತು. ಬಿ ಫ್ಲ್ಯಾಟ್ ಟ್ರಂಪೆಟ್, ಕ್ಲಾರಿನೆಟ್ ಇವುಗಳ ಹಾಳೆಯಲ್ಲಿ ಎಲ್ಲ ಸ್ವರವೂ ಒಂದು ಪೂರ್ತಿ ಸ್ವರ ಮೇಲೆ ಬರೆಯಬೇಕು. ನಮ್ಮ ಡಿ ಅವರಿಗೆ ಈ. ನಮ್ಮ ಜಿ ಅವರಿಗೆ ಎ, ಮೂರು ಶಾರ್ಪ್. ಆದ್ದರಿಂದ ಬ್ಯಾಂಡ್ ಇದ್ದರೆ ಫ್ಲ್ಯಾಟ್ ಇರುವ ಶ್ರುತಿ ಆರಿಸಿ. ಎಫ್, ಬಿ ಫ್ಲ್ಯಾಟ್, ಈ ಫ್ಲ್ಯಾಟ್. ಡಿ ಯಲ್ಲಿದ್ದ ಆ ಸ್ತೋತ್ರವನ್ನು ಈ ಫ್ಲ್ಯಾಟ್‌ಗೆ ಏರಿಸಿದೆವು. ಟ್ರಂಪೆಟ್‌ಗೆ ಅದು ಎಫ್ ಆಯಿತು, ಒಂದೇ ಫ್ಲ್ಯಾಟ್. ಸೊಪ್ರಾನೊಗೆ ಅರ್ಧ ಸ್ವರ ಮೇಲೆ ಹೋಯಿತು, ಅದನ್ನು ಮೊದಲೇ ಹಾಡಿಸಿ ನೋಡಿದ್ದೆ. ಟ್ರಾಂಬೋನ್, ಯುಫೋನಿಯಂಗೆ ಬೇಸ್ ಸಾಲು ಇದ್ದ ಹಾಗೇ ಕೊಡಬಹುದು. ಆದರೆ ಯುಫೋನಿಯಂ ನುಡಿಸುವವರು ಯಾವ ಕ್ಲೆಫ್ (ಸಾಲಿನ ಶುರುವಿನಲ್ಲಿ ಸ್ವರದ ಜಾಗ ಹೇಳುವ ಗುರುತು) ಓದುತ್ತಾರೆ ಅಂತ ಮೊದಲು ಕೇಳಿ. ಟ್ರೆಬಲ್ ಕ್ಲೆಫ್ ಓದುವವರೂ ಇದ್ದಾರೆ, ಅವರಿಗೆ ಬೇರೆ ಹಾಳೆ ಬೇಕು.

ಎರಡು ಟ್ರಂಪೆಟ್ ಜೋರಾಗಿ ಊದಿದರೆ ನನ್ನ 26 ಜನ ಕೇಳಿಸುವುದೇ ಇಲ್ಲ. ಹಾಗಾಗಿ ಮುನ್ನುಡಿಗೆ ಮತ್ತು ಕೊನೆಯ ಚರಣಕ್ಕೆ ಮಾತ್ರ ಎಲ್ಲರೂ. ನಡುವಿನ ಚರಣಗಳಿಗೆ ಕ್ಲಾರಿನೆಟ್ ಒಂದೇ, ಆಲ್ಟೊ ಸಾಲಿನ ಜೊತೆ. ಡಿಸೆಂಬರ್ ರಾತ್ರಿ ಚಳಿಗೆ ಹಿತ್ತಾಳೆ ವಾದ್ಯಗಳು ತಣ್ಣಗಾಗಿ ಶ್ರುತಿ ಇಳಿಯುತ್ತದೆ, ಕೀಬೋರ್ಡ್ ಇದ್ದಲ್ಲೇ ಇರುತ್ತದೆ. ಪ್ರಸಂಗ (ಪಾದ್ರಿಯ ಉಪದೇಶ) ನಡೆಯುವಾಗ ಅವರು ವಾದ್ಯದೊಳಗೆ ಮೆಲ್ಲಗೆ ಬೆಚ್ಚನೆಯ ಉಸಿರು ಬಿಡುತ್ತಾ ಕೂತಿರುತ್ತಾರೆ. ಸದ್ದು ಬರುವುದಿಲ್ಲ.

ಕಲಿಸುವುದು

ಕ್ರಿಸ್‌ಮಸ್‌ಗೆ ಹತ್ತು ವಾರ ಮುಂಚೆ ಶುರು ಮಾಡುತ್ತೇವೆ. ಶನಿವಾರ ಸಂಜೆ ಐದೂವರೆಯಿಂದ ಏಳು. ದಸರಾ ರಜೆಯಲ್ಲಿ ಹೊಸದೇನನ್ನೂ ತೆಗೆಯುವುದಿಲ್ಲ. ಅರ್ಧ ಜನ ಊರಲ್ಲಿರುವುದಿಲ್ಲ, ಇದ್ದವರ ಮನೆ ತುಂಬಾ ನೆಂಟರು.

ಮೊದಲ ದಿನ ಇಡೀ ಹಾಡನ್ನು ಒಮ್ಮೆ ಕೇಳಿಸುತ್ತೇನೆ. ಒಮ್ಮೆ ಮಾತ್ರ. ಆಮೇಲೆ ಹಾಳೆ ಕೊಟ್ಟು, ಹಾಡದೆ, ಮಾತನ್ನು ತಾಳದಲ್ಲಿ ಓದಿಸುತ್ತೇನೆ. ಇಲ್ಲಿ ನಮ್ಮ ಸಂಗೀತ ಕೈಹಿಡಿಯುತ್ತದೆ. ಒಂದು ಎಣಿಕೆಗೆ ಎರಡು ಸ್ವರ ಇದ್ದರೆ 'ತಕ', ಮೂರಿದ್ದರೆ 'ತಕಿಟ', ನಾಲ್ಕಿದ್ದರೆ 'ತಕಧಿಮಿ'. "ಟ್ರಿಪ್ಲೆಟ್" ಅಂತ ಹೇಳಿ ಹದಿನೈದು ನಿಮಿಷ ವಿವರಿಸಿದರೂ ಬಾರದ್ದು 'ತಕಿಟ' ಅಂದ ತಕ್ಷಣ ಬರುತ್ತದೆ. ತೊಡೆಯ ಮೇಲೆ ತಾಳ ಹಾಕುತ್ತಾ ಓದಲಿ, ತಡೆಯಬೇಡಿ.

ಸ್ಟಾಫ್ ನೊಟೇಶನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಓದಲು ಬಾರದವರಿಗೆ ಸ್ವರದ ಕೆಳಗೆ ಸ ರಿ ಗ ಮ ಬರೆದುಕೊಡುತ್ತೇನೆ. ಮೇಜರ್ ಸ್ಕೇಲ್ ಅಂದರೆ ಶಂಕರಾಭರಣದ ಸ್ವರಗಳೇ. ಶಾರ್ಪ್ ಆದ ನಾಲ್ಕನೇ ಸ್ವರ ಪ್ರತಿ ಮಧ್ಯಮ. ಅಷ್ಟು ಹೇಳಿದರೆ ಸಾಕು, ಸಂಗೀತ ಕಲಿತವರು ಹಿಡಿದುಬಿಡುತ್ತಾರೆ. ಆದರೆ ಅವರಿಗೆ ಒಂದು ಮಾತು ಹೇಳಲೇಬೇಕು. ಇಲ್ಲಿ ಗಮಕ ಬೇಡ. ಒಂದು ಪಾರ್ಟ್ ಸ್ವರವನ್ನು ಅಲುಗಿಸಿದರೆ ಉಳಿದ ಮೂರು ಪಾರ್ಟ್‌ಗಳ ಜೊತೆ ಅದು ಕೂರುವುದಿಲ್ಲ. ಒಬ್ಬ ಹುಡುಗಿಗೆ ಹೀಗೆ ಹೇಳಿದೆ: "ಮಗೂ, ತಂಬೂರಿ ತಂತಿ ಹೇಗೆ ನಿಲ್ಲುತ್ತೆ, ಹಾಗೆ ನಿಲ್ಲು." ಅವಳು ಆರು ವರ್ಷ ವೀಣೆ ಕಲಿತವಳು. ಅವತ್ತಿನಿಂದ ನಮ್ಮ ಆಲ್ಟೊ ಸಾಲಿಗೆ ಅವಳೇ ಕಂಬ.

ಮೊದಲ ಬಾರ್‌ನಿಂದ ಕಲಿಸೋಕೆ ಶುರು ಮಾಡಬೇಡಿ. ಪ್ರತಿ ವಾರ ಮೊದಲಿಂದ ಶುರು ಮಾಡಿದರೆ ಮೊದಲ ಪುಟ ಬಂಗಾರ, ಕೊನೆಯ ಪುಟ ತಗಡು. ನಾನು ನಕ್ಷತ್ರ ಹಾಕಿದ ಜಾಗಗಳಿಂದ ಶುರು ಮಾಡುತ್ತೇನೆ. ಆಮೇಲೆ ಕೊನೆಯ ಎಂಟು ಬಾರ್. ನಂತರ ಅದಕ್ಕೂ ಹಿಂದಿನ ಎಂಟು, ಮತ್ತೆ ಕೊನೆಯವರೆಗೆ. ಹೀಗೆ ಹಿಂದಿನಿಂದ ಮುಂದಕ್ಕೆ ಕಟ್ಟಿದರೆ ಹಾಡುತ್ತಾ ಹೋದ ಹಾಗೆ ಗೊತ್ತಿರುವ ಜಾಗ ಬರುತ್ತದೆ, ಧೈರ್ಯ ಬರುತ್ತದೆ.

ಪಾರ್ಟ್ ಜೋಡಿಸುವಾಗ ಮೊದಲು ಸೊಪ್ರಾನೊ ಮತ್ತು ಬೇಸ್. ಮೇಲು, ಕೆಳಗು ಎರಡೂ ಗಟ್ಟಿಯಾದರೆ ನಡುವಿನವರಿಗೆ ಜಾಗ ಕಾಣುತ್ತದೆ. ಆಮೇಲೆ ಆಲ್ಟೊ, ಕೊನೆಗೆ ಟೆನರ್. ಒಂದು ಪಾರ್ಟ್‌ಗೆ ಹೇಳಿಕೊಡುವಾಗ ಉಳಿದವರು ಐದು ನಿಮಿಷಕ್ಕಿಂತ ಸುಮ್ಮನೆ ಕೂರಬಾರದು. ಕೂತರೆ ಫೋನ್ ಹೊರಗೆ ಬರುತ್ತದೆ. ಅವರು ತಮ್ಮ ಸಾಲನ್ನು ಬಾಯಿ ಮುಚ್ಚಿ 'ಮ್' ಅಂತ ಗುನುಗಲಿ. ಟೆನರ್ ತೀರಾ ಬಡವಾದರೆ ದನಿ ತಗ್ಗಿರುವ ಇಬ್ಬರು ಆಲ್ಟೊ ಅಮ್ಮಂದಿರನ್ನು ಆ ಕಡೆ ಕಳಿಸುತ್ತೇನೆ. ನಡುವಿನ ಸಿ ಕೆಳಗಿನ ಜಿ ತನಕ ಅವರು ಹಾಯಾಗಿ ಹಾಡುತ್ತಾರೆ. ಅದಕ್ಕಿಂತ ಕೆಳಗೆ ಬಂದಾಗ ಅವರು ಬಿಡಬೇಕು ಅಂತ ಹಾಳೆಯಲ್ಲೇ ಗುರುತು ಇರಲಿ.

ಪೆನ್ಸಿಲ್ ಕಡ್ಡಾಯ. ಒಂದು ಡಬ್ಬಿ ತುಂಬಾ ಅಪ್ಸರಾ ಪೆನ್ಸಿಲ್ ನಾನೇ ಕೆತ್ತಿ ಇಟ್ಟಿರುತ್ತೇನೆ. ಉಸಿರು ಎಲ್ಲಿ ತಗೊಳ್ಳಬೇಕು, ಎಲ್ಲಿ ತಗೊಳ್ಳಬಾರದು ಅಂತ ಅವರೇ ಬರೆಯಬೇಕು. ನಾನು ಬರೆದುಕೊಟ್ಟರೆ ನೋಡುವುದಿಲ್ಲ. ಕನ್ನಡದ ಸಾಲುಗಳು ಸ್ವರಾಕ್ಷರದಲ್ಲಿ ಮುಗಿಯುವುದರಿಂದ ನಿಲ್ಲಿಸುವ ಜಾಗ ಮಸುಕಾಗುತ್ತದೆ. ಇಂಗ್ಲಿಷ್‌ನಲ್ಲಿ ಕೊನೆಯ ವ್ಯಂಜನ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ನಮ್ಮಲ್ಲಿ "ಇರಲಿಇಇ" ಅಂತ ಒಬ್ಬೊಬ್ಬರು ಒಂದೊಂದು ಕಡೆ ಬಿಡುತ್ತಾರೆ. ಅದಕ್ಕೆ 'ಮೂರನೇ ಎಣಿಕೆಗೆ ಉಸಿರು' ಅಂತ ಬರೆಸುತ್ತೇನೆ. ಎಲ್ಲರೂ ಒಟ್ಟಿಗೆ ಉಸಿರು ಎಳೆದರೆ ಎಲ್ಲರೂ ಒಟ್ಟಿಗೆ ನಿಂತಿರುತ್ತಾರೆ.

ಶ್ರುತಿ ಇಳಿಯುವುದು ಎಲ್ಲ ಕ್ವಾಯರ್‌ಗೂ ಇರುವ ತೊಂದರೆ. ಕೀಬೋರ್ಡ್ ಇಲ್ಲದೆ ಒಂದು ಪುಟ ಹಾಡಿಸಿ, ಕೊನೆಯ ಸ್ವರವನ್ನು ಒತ್ತಿ ನೋಡಿ. ಇಳಿದಿದ್ದರೆ ಎಲ್ಲಿ ಇಳಿಯಿತು ಅಂತ ಹುಡುಕಿ. ಸಾಮಾನ್ಯವಾಗಿ ಒಂದೇ ಸ್ವರ ಮತ್ತೆ ಮತ್ತೆ ಬರುವ ಕಡೆ ಇಳಿಯುತ್ತದೆ. ಇಲ್ಲವೇ ಮೇಲಕ್ಕೆ ಹತ್ತುವಾಗ ಹೆಜ್ಜೆ ಸಣ್ಣದಾಗಿ, ಇಳಿಯುವಾಗ ಹೆಜ್ಜೆ ದೊಡ್ಡದಾಗಿ ಇಟ್ಟಿರುತ್ತಾರೆ. ಮೊಜಾರ್ಟ್ ಹಾಡಿನ ನಡುವೆ ಎಫ್ ಮೇಜರ್ ಕಡೆ ತಿರುಗುವ ಜಾಗದಲ್ಲಿ ನಾವು ಪ್ರತಿ ಸಲ ಜಾರುತ್ತಿದ್ದೆವು. ಆ ನಾಲ್ಕು ಬಾರ್‌ಗಳನ್ನು ಮಾತಿಲ್ಲದೆ, ಒಂದೊಂದು ಸ್ವರದ ಮೇಲೂ ನಿಂತು, ಕಣ್ಣು ಮುಚ್ಚಿ ಹಾಡಿಸಿದೆ. ನಾಲ್ಕು ಪಾರ್ಟ್ ಸೇರಿ ಒಂದು ಸ್ವರಮೇಳ ಸರಿಯಾಗಿ ಕೂತ ಕ್ಷಣದಲ್ಲಿ ಕೋಣೆಯ ಗಾಳಿ ತುಂಬಿದ ಹಾಗೆ ಆಗುತ್ತದೆ. ಅವರೇ ಕಣ್ಣು ಬಿಟ್ಟು ಒಬ್ಬರನ್ನೊಬ್ಬರು ನೋಡಿದರು. ಅದು ಒಮ್ಮೆ ಕಿವಿಗೆ ಬಿದ್ದರೆ ಆಮೇಲೆ ಅವರೇ ಅದನ್ನು ಹುಡುಕುತ್ತಾರೆ.

ವಾಟ್ಸ್ಆಪ್‌ನಲ್ಲಿ ಪ್ರತಿ ಪಾರ್ಟ್ ಹಾಡಿ ಕಳಿಸುತ್ತೇನೆ. "ಆಲ್ಟೊ, ಬಾರ್ 1ರಿಂದ 16" ಅಂತ ಹೆಸರು ಕೊಟ್ಟು, ಚಿಕ್ಕ ಚಿಕ್ಕ ತುಂಡಾಗಿ. ಆದರೆ ಮೊದಲ ಪ್ರಾಕ್ಟೀಸ್ ಆದ ಮೇಲೆ ಮಾತ್ರ. ಮೊದಲೇ ಕಳಿಸಿದರೆ ಹಾಳೆ ನೋಡುವುದನ್ನೇ ಬಿಟ್ಟುಬಿಡುತ್ತಾರೆ.

ಕೊನೆಯ ಎರಡು ವಾರ ಕೋಣೆ ಬಿಟ್ಟು ದೇವಾಲಯದ ಒಳಗೇ, ನಿಲ್ಲುವ ಜಾಗದಲ್ಲೇ ನಿಂತು ಹಾಡುತ್ತೇವೆ. ಎತ್ತರದ ಚಾವಣಿ, ದನಿ ತಿರುಗಿ ಬರುತ್ತದೆ. ಅಭ್ಯಾಸದ ಕೋಣೆಯ ವೇಗ ಅಲ್ಲಿ ಗೊಜ್ಜಾಗುತ್ತದೆ, ಸ್ವಲ್ಪ ನಿಧಾನ ಮಾಡಬೇಕು. ಫ್ಯಾನ್ ಆಫ್ ಮಾಡಿಸಿ. ಅದರ ಗುಂಯ್ ಅನ್ನುವ ಸದ್ದಿಗೆ ಬೇಸ್‌ನವರ ಶ್ರುತಿ ಎಳೆದುಕೊಂಡು ಹೋಗುತ್ತದೆ, ಹಾಳೆಯೂ ಹಾರುತ್ತದೆ. ಆರಾಧನೆಯ ದಿನ ಹೊಸ ಸೂಚನೆ ಒಂದೂ ಕೊಡಬೇಡಿ. ಹಾಡು ಶುರುವಾಗುವ ಮುಂಚೆ ನಾನು ಮೂವರು ಟೆನರ್‌ಗಳ ಕಡೆ ನೋಡಿ ಒಮ್ಮೆ ತಲೆ ಆಡಿಸುತ್ತೇನೆ, ಅಷ್ಟೇ.

ಮುಗಿದ ಮೇಲೆ ಹಾಳೆಗಳನ್ನು ಎಣಿಸಿ ವಾಪಸ್ ತಗೊಳ್ಳಿ. ಪೆನ್ಸಿಲ್ ಗುರುತು ಅಳಿಸಬೇಡಿ, ಮುಂದಿನ ಸಲ ಅರ್ಧ ಕೆಲಸ ಉಳಿಯುತ್ತದೆ. ಫೈಲ್ ಮೇಲೆ ಆ ಸಲದ ಲೆಕ್ಕ ಬರೆದಿಡಿ. ನಮ್ಮ ಮೊಜಾರ್ಟ್ ಫೈಲ್ ಮೇಲೆ ಹೀಗಿದೆ: "ಪ್ರತಿ 30, ವಾಪಸ್ ಬಂದದ್ದು 28. ಟೆನರ್ 3 + ಆಲ್ಟೊ 2. ನಡುವಿನ ತಿರುವಿನಲ್ಲಿ ಇಳಿಯಲಿಲ್ಲ."